ಸಂಘದ ವೆಬ್ ಲೆಡ್ಜರಿನ ಪ್ರವೇಶದ್ವಾರ: ಕಂಡ ದೋಷ, ಮಾಡಿದ ದುರಸ್ತಿ



ಕಳೆದ ಅಡಿಕೆ ಕೊಯ್ಲಿನ ಕಾಲದಲ್ಲಿ ನಮ್ಮ ಹಿರಿಯ ಸದಸ್ಯರಲ್ಲೊಬ್ಬರಾದ ಡಿ'ಸೋಜರು ಮೂರು ಬಾರಿ ಕಚೇರಿಗೆ ಬಂದು ಒಂದೇ ದೂರನ್ನು ಹೇಳಿದರು. ಸಂಘದ ವೆಬ್ ಲೆಡ್ಜರಿನಲ್ಲಿ ಅವರ ಖಾತೆ ತೆರೆಯುತ್ತಿರಲಿಲ್ಲ. ಹೆಸರು ಮತ್ತು ಪಾಸ್‌ವರ್ಡ್ ಹಾಕಿದೊಡನೆ "ಹೆಸರು ಅಥವಾ ಪಾಸ್‌ವರ್ಡ್ ತಪ್ಪು" ಎಂಬ ಸಾಲು ಬರುತ್ತಿತ್ತು. ಮೂರು ಬಾರಿಯೂ ನಾವು ಹೊಸ ಪಾಸ್‌ವರ್ಡ್ ಮಾಡಿಕೊಟ್ಟು, ಜಾಗ್ರತೆಯಾಗಿ ಒತ್ತಬೇಕೆಂದು ಬುದ್ಧಿ ಹೇಳಿ ಕಳುಹಿಸಿದೆವು. ಮೂರನೆಯ ಬಾರಿ ಅವರು, "ಅಲ್ಲ ಮಾರಾಯರೇ, ಪಾಸ್‌ವರ್ಡ್ ಮರೆತೀತು. ನನ್ನ ಹೆಸರನ್ನೇ ಮರೆಯುತ್ತೇನೆಯೇ?" ಎಂದು ಕೇಳಿ ಹೊರಟುಹೋದರು. ಚಾಲಿಯ ಹಣ ಜಮೆಯಾಯಿತೋ ಇಲ್ಲವೋ ತಿಳಿಯದೆ, ಸಂಘವು ತಮ್ಮ ಖಾತೆಯನ್ನು ಮುಚ್ಚಿಬಿಟ್ಟಿತೋ ಎಂಬ ಶಂಕೆ ಅವರಿಗೆ ಬಂದಿತ್ತೆಂದು ಆಮೇಲೆ ತಿಳಿಯಿತು.

ತಪ್ಪು ಅವರದಾಗಿರಲಿಲ್ಲ, ನಮ್ಮದಾಗಿತ್ತು. ಅವರ ದೂರಿನ ಬೆನ್ನು ಹಿಡಿದು ಹೋದಾಗ ಸಂಘದ ಎಲ್ಲ ಸದಸ್ಯರಿಗೂ ಸಂಬಂಧಿಸಿದ ದೊಡ್ಡ ದೋಷವೊಂದು ಬಯಲಾಯಿತು. ಅದೇನು, ಹೇಗೆ ಸರಿಪಡಿಸಿದೆವು, ಇನ್ನು ಮುಂದೆ ಸದಸ್ಯರು ಮಾಡಬೇಕಾದುದೇನು ಎಂಬುದನ್ನು ಇಲ್ಲಿ ವಿವರಿಸುತ್ತೇವೆ. ಕಂಪ್ಯೂಟರಿನ ವಿಷಯವೆಂದು ಪುಟ ತಿರುಗಿಸಬೇಡಿರೆಂದು ವಿನಂತಿ. ಗೋದಾಮಿನ ಚೀಟಿಯ ವ್ಯವಹಾರ ಬಲ್ಲವರಿಗೆ ಇದೂ ಅರ್ಥವಾಗುತ್ತದೆ.

ಲೆಡ್ಜರು ಕೆಲಸ ಮಾಡುವ ಬಗೆ

ನಮ್ಮ ವೆಬ್ ಲೆಡ್ಜರಿಗೆ ಎರಡು ಭಾಗಗಳಿವೆ. ಒಂದು, ನಿಮ್ಮ ಫೋನಿನಲ್ಲಿ ಕಾಣುವ ಪುಟವನ್ನು ಸಿದ್ಧಪಡಿಸುವ ಪ್ರೋಗ್ರಾಂ. ಇದು ಪಿಎಚ್‌ಪಿ ಎಂಬ ಭಾಷೆಯಲ್ಲಿದೆ. ಇನ್ನೊಂದು, ಎಲ್ಲರ ತೂಕ, ಮುಂಗಡ, ಜಮೆ, ಬ್ಯಾಂಕ್ ಖಾತೆಯ ಸಂಖ್ಯೆ ಇವನ್ನು ಸಾಲುಸಾಲಾಗಿ ಇಟ್ಟಿರುವ ಡೇಟಾಬೇಸ್. ಇದು ಮೈಎಸ್‌ಕ್ಯೂಎಲ್. ಮೊದಲನೆಯದನ್ನು ಕೌಂಟರಿನ ಗುಮಾಸ್ತನೆಂದೂ ಎರಡನೆಯದನ್ನು ಒಳಗಿನ ದಫ್ತರ ಕೋಣೆಯ ಮೇಸ್ತ್ರಿಯೆಂದೂ ಭಾವಿಸಿರಿ. ಗುಮಾಸ್ತ ಚೀಟಿ ಬರೆದು ಒಳಗೆ ಕಳುಹಿಸುತ್ತಾನೆ, ಮೇಸ್ತ್ರಿ ಓದಿ ಅದರಂತೆ ತೆಗೆದುಕೊಡುತ್ತಾನೆ. ಈ ಚೀಟಿಗೆ ಕ್ವೆರಿ ಎಂದು ಹೆಸರು. ಚೀಟಿಯ ಭಾಷೆ ಎಸ್‌ಕ್ಯೂಎಲ್. 1970ರಲ್ಲಿ ಐಬಿಎಂ ಕಂಪನಿಯ ಇ. ಎಫ್. ಕಾಡ್ ಅವರು ದಾಖಲೆಗಳನ್ನು ಪಟ್ಟಿಗಳಾಗಿ ಜೋಡಿಸುವ ಸಿದ್ಧಾಂತವನ್ನು ಪ್ರಕಟಿಸಿದರು. ಅದರ ಆಧಾರದ ಮೇಲೆ ಅದೇ ಕಂಪನಿಯ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ ಅವರು ಈ ಭಾಷೆಯನ್ನು ರೂಪಿಸಿ 1974ರಲ್ಲಿ ವಿದ್ವಾಂಸರ ಮುಂದಿಟ್ಟರು. ಇಂದಿಗೂ ಜಗತ್ತಿನ ಬಹುಪಾಲು ಲೆಕ್ಕಪತ್ರಗಳು ಇದರಲ್ಲಿಯೇ ನಡೆಯುತ್ತಿವೆ.

ರಾಮಪ್ಪ ಎಂಬ ಸದಸ್ಯರು 'ಕಣಜ12' ಎಂಬ ಪಾಸ್‌ವರ್ಡ್ ಹಾಕಿದರೆ ನಮ್ಮ ಹಳೆಯ ಪ್ರೋಗ್ರಾಂ ಬರೆಯುತ್ತಿದ್ದ ಚೀಟಿಯನ್ನು ಕನ್ನಡದಲ್ಲಿ ಹೇಳುವುದಾದರೆ ಹೀಗೆ:

ಸದಸ್ಯರ ಪಟ್ಟಿಯಿಂದ ಸಾಲು ತೆಗೆ, ಎಲ್ಲಿ ಹೆಸರು = 'ರಾಮಪ್ಪ' ಮತ್ತು ಪಾಸ್‌ವರ್ಡ್ = 'ಕಣಜ12'

ಸಾಲು ಸಿಕ್ಕಿದರೆ ಖಾತೆ ತೆರೆಯುತ್ತದೆ, ಸಿಗದಿದ್ದರೆ ಇಲ್ಲ. ಹೆಸರಿನ ಆಚೀಚೆ ಇರುವ ಸಣ್ಣ ಚಿಹ್ನೆಯನ್ನು ಗಮನಿಸಿರಿ. ಇದನ್ನು ನಾವು ಇಲ್ಲಿ ಕೊಕ್ಕೆ ಎನ್ನೋಣ. ಒಂದು ಕೊಕ್ಕೆಯಿಂದ ಇನ್ನೊಂದು ಕೊಕ್ಕೆಯವರೆಗೆ ಇರುವುದು ಸದಸ್ಯರು ಬರೆದ ಮಾತು, ಅದರ ಹೊರಗಿರುವುದು ಸಂಘದ ಆಜ್ಞೆ. ಮೇಸ್ತ್ರಿ ಎರಡನ್ನೂ ಬೇರ್ಪಡಿಸುವುದು ಈ ಕೊಕ್ಕೆಯಿಂದ ಮಾತ್ರ.

ರೋಗ ಪತ್ತೆಯಾದ ರೀತಿ

ತೋಟದಲ್ಲಿ ಮರ ಸೊರಗಿದರೆ ಬೇರು, ಕಾಂಡ, ಸುಳಿ ಎಂದು ಒಂದೊಂದಾಗಿ ನೋಡುವಂತೆ ಇಲ್ಲಿಯೂ ಕ್ರಮವಾಗಿ ನೋಡಿದೆವು. ಡೇಟಾಬೇಸಿನ ಸಂಪರ್ಕ ಕಡಿದಿದೆಯೇ? ಇಲ್ಲ, ಉಳಿದ ಸದಸ್ಯರ ಖಾತೆಗಳು ತೆರೆಯುತ್ತಿದ್ದವು. ಇವರ ಹೆಸರು ಪಟ್ಟಿಯಲ್ಲಿಲ್ಲವೇ? ಇತ್ತು. ಎಕ್ಸೆಲ್ ಕಡತದಿಂದ ಪಟ್ಟಿಯನ್ನು ನೇರವಾಗಿ ಏರಿಸಿದ್ದರಿಂದ ಹೆಸರು ಸರಿಯಾಗಿಯೇ ದಾಖಲಾಗಿತ್ತು. ಪಾಸ್‌ವರ್ಡ್ ಹೊಂದುತ್ತಿಲ್ಲವೇ? ನಾವೇ ಕೈಯಾರೆ ಒತ್ತಿ ನೋಡಿದರೂ ಅದೇ ಉತ್ತರ. ಹಾಗಾದರೆ ಕ್ವೆರಿ ನಡೆಯುತ್ತಿದೆಯೇ?

ಈ ನಾಲ್ಕನೆಯ ಪ್ರಶ್ನೆಯನ್ನು ನಾವು ಮೊದಲೇ ಕೇಳಬೇಕಾಗಿತ್ತು. "ಹುಡುಕಿದೆ, ಸಿಗಲಿಲ್ಲ" ಎನ್ನುವುದು ಒಂದು, "ಚೀಟಿಯೇ ಓದಲು ಬರಲಿಲ್ಲ" ಎನ್ನುವುದು ಇನ್ನೊಂದು. ನಮ್ಮ ಪ್ರೋಗ್ರಾಂ ಎರಡಕ್ಕೂ ಒಂದೇ ಉತ್ತರ ಕೊಡುತ್ತಿತ್ತು. ಪಿಎಚ್‌ಪಿಯ ಹಳೆಯ ಆವೃತ್ತಿಗಳಲ್ಲಿ ಕ್ವೆರಿ ಕೆಟ್ಟರೆ ಪ್ರೋಗ್ರಾಂ ಸದ್ದಿಲ್ಲದೆ ಮುಂದಕ್ಕೆ ಹೋಗುತ್ತಿತ್ತು. 2021ರಲ್ಲಿ ಬಂದ 8.1ನೆಯ ಆವೃತ್ತಿಯಿಂದ ಈಚೆಗೆ ಮಾತ್ರ ಅದು ತಾನಾಗಿಯೇ ನಿಂತು ದೂರು ಹೇಳುತ್ತದೆ. ನಮ್ಮಲ್ಲಿದ್ದುದು ಹಳೆಯ ಆವೃತ್ತಿ. ದೋಷದ ವರದಿಯನ್ನು ಒಂದು ಕಡತಕ್ಕೆ ಬರೆಯುವಂತೆ ಮಾಡಿ ಡಿ'ಸೋಜರ ಹೆಸರನ್ನು ಮತ್ತೆ ಹಾಕಿದಾಗ, ಕ್ವೆರಿಯ ವ್ಯಾಕರಣ ತಪ್ಪಾಗಿದೆ, ತಪ್ಪು 'ಸೋಜ' ಎಂಬ ಮಾತಿನ ಬಳಿ ಇದೆ ಎಂದು ಡೇಟಾಬೇಸ್ ಸ್ಪಷ್ಟವಾಗಿ ಬರೆದಿತ್ತು.

ಆಗ ಬೆಳಕಾಯಿತು. ಚೀಟಿ ಹೀಗಾಗಿತ್ತು:

ಎಲ್ಲಿ ಹೆಸರು = 'ಡಿ'ಸೋಜ' ಮತ್ತು ಪಾಸ್‌ವರ್ಡ್ = ...

'ಡಿ' ಆದ ಮೇಲೆ ಬಂದ ಕೊಕ್ಕೆಯನ್ನು ಮೇಸ್ತ್ರಿ ಹೆಸರು ಮುಗಿದ ಗುರುತೆಂದು ತಿಳಿದ. ಅನಂತರದ 'ಸೋಜ' ಎನ್ನುವುದು ಅವನ ಪಾಲಿಗೆ ಅರ್ಥವಿಲ್ಲದ ಆಜ್ಞೆ. ಆದುದರಿಂದ ಚೀಟಿಯನ್ನೇ ತಳ್ಳಿಹಾಕಿದ. ಡಿ'ಸಿಲ್ವ, ಡಿ'ಕೋಸ್ಟ, ಡಿ'ಕುನ್ಹ ಮನೆತನದ ಸದಸ್ಯರೆಲ್ಲರಿಗೂ ಹೀಗೆಯೇ ಆಗಿತ್ತು. ಅವರಲ್ಲಿ ಹಲವರು ಬೇಸತ್ತು ಸುಮ್ಮನಾಗಿದ್ದರು, ಒಬ್ಬರು ಮಾತ್ರ ಮೂರು ಬಾರಿ ಬಂದು ಕೇಳಿದರು.

ಅದೇ ಬಾಗಿಲಿನಲ್ಲಿ ಕಳ್ಳ

ಇಷ್ಟೇ ಆಗಿದ್ದರೆ ಹೆಸರಿನಿಂದ ಕೊಕ್ಕೆ ತೆಗೆದು ಸುಮ್ಮನಾಗಬಹುದಿತ್ತು. ಆದರೆ ಇದರ ಇನ್ನೊಂದು ಮುಖವನ್ನು ಯೋಚಿಸಿರಿ. ಅರಿಯದೆ ಬರೆದ ಕೊಕ್ಕೆಯೊಂದು ಚೀಟಿಯನ್ನು ಕೆಡಿಸುವುದಾದರೆ, ಬೇಕೆಂದು ಬರೆದ ಕೊಕ್ಕೆಯು ಚೀಟಿಯನ್ನು ತಿದ್ದಲೂಬಹುದು.

ಕಚೇರಿ ಮುಚ್ಚಿದ ಮೇಲೆ, ಲೆಡ್ಜರಿನ ನಕಲು ಪ್ರತಿಯೊಂದನ್ನು ಮಾಡಿಕೊಂಡು ಪರೀಕ್ಷಿಸಿದೆವು. ಹೆಸರಿನ ಜಾಗದಲ್ಲಿ ಬಾಯಿಗೆ ಬಂದ ಯಾವುದೋ ಹೆಸರು, ಪಾಸ್‌ವರ್ಡಿನ ಜಾಗದಲ್ಲಿ ಕೊಕ್ಕೆಗಳೂ ಕೆಲವು ಅಕ್ಷರಗಳೂ. ಆಗ ತಯಾರಾದ ಚೀಟಿ ಇದು:

ಎಲ್ಲಿ ಹೆಸರು = 'ಯಾರೋ' ಮತ್ತು ಪಾಸ್‌ವರ್ಡ್ = '' ಅಥವಾ '1' = '1'

ಲೆಕ್ಕದಲ್ಲಿ ಕೂಡುವುದಕ್ಕಿಂತ ಮೊದಲು ಗುಣಿಸುವಂತೆ, ಈ ಭಾಷೆಯಲ್ಲಿ 'ಅಥವಾ'ಕ್ಕಿಂತ ಮೊದಲು 'ಮತ್ತು' ಬಿಡಿಸಬೇಕು. 'ಯಾರೋ' ಎಂಬ ಹೆಸರೂ ಖಾಲಿ ಪಾಸ್‌ವರ್ಡೂ ಇರುವ ಸಾಲು ಇಲ್ಲ, ಸರಿ. ಆದರೆ 'ಅಥವಾ' ಎಂದಿದೆ. ಒಂದಕ್ಕೆ ಒಂದು ಸಮವೇ? ಯಾವಾಗಲೂ ಸಮ. ಹೀಗಾಗಿ ಮೇಸ್ತ್ರಿ ಪಟ್ಟಿಯಲ್ಲಿದ್ದ ಎಲ್ಲ ಸಾಲುಗಳನ್ನೂ ತೆಗೆದುಕೊಟ್ಟ. ಗುಮಾಸ್ತ ಅದರಲ್ಲಿ ಮೊದಲನೆಯದನ್ನು ಹಿಡಿದು ಬಾಗಿಲು ತೆರೆದ. ಪಟ್ಟಿಯ ಮೊದಲನೆಯ ಹೆಸರು ಕಾರ್ಯದರ್ಶಿಯದು. ಪಾಸ್‌ವರ್ಡೇ ಇಲ್ಲದೆ ನಮ್ಮದೇ ಖಾತೆ ನಮ್ಮ ಕಣ್ಣೆದುರಿಗೆ ತೆರೆದುಕೊಂಡಿತು. ಅದರಿಂದ ಎಲ್ಲ ಸದಸ್ಯರ ಲೆಕ್ಕಗಳನ್ನೂ ನೋಡಬಹುದಾಗಿತ್ತು.

ಗೋದಾಮಿನ ಚೀಟಿಗೆ ಹೋಲಿಸಿದರೆ ಇದು ಸುಲಭವಾಗಿ ತಿಳಿಯುತ್ತದೆ. "ಚೀಟಿ ತಂದವರಿಗೆ ___ ಮೂಟೆ ಗೊಬ್ಬರ ಕೊಡುವುದು" ಎಂದು ಬರೆದು ಖಾಲಿ ಜಾಗವನ್ನು ತುಂಬಲು ತಂದವರ ಕೈಗೇ ಕೊಟ್ಟೆವೆನ್ನಿ. ಸಜ್ಜನರು 'ಎರಡು' ಎಂದು ಬರೆಯುತ್ತಾರೆ. ಮತ್ತೊಬ್ಬ 'ಎರಡು ಮೂಟೆ ಗೊಬ್ಬರ, ಮತ್ತು ಗೋದಾಮಿನಲ್ಲಿರುವ ಮೆಣಸಿನ ಎಲ್ಲ' ಎಂದು ಬರೆದರೆ, ಅಕ್ಷರ ಯಾರದೆಂದು ನೋಡದ ಮೇಸ್ತ್ರಿ ಹಾಗೆಯೇ ಕೊಟ್ಟುಬಿಡುತ್ತಾನೆ. ಇದಕ್ಕೆ ಎಸ್‌ಕ್ಯೂಎಲ್ ಇಂಜೆಕ್ಷನ್ ಎನ್ನುತ್ತಾರೆ. ನಮ್ಮ ಚೀಟಿಯೊಳಕ್ಕೆ ಬೇರೆಯವರ ಆಜ್ಞೆಯನ್ನು ಚುಚ್ಚುವುದೆಂದು ಅರ್ಥ.

ಇದು ಹಳೆಯ ರೋಗ

ಜೆಫ್ ಫಾರಿಸ್ಟಲ್ ಎಂಬವರು 1998ರ ಡಿಸೆಂಬರಿನಲ್ಲಿ 'ಫ್ರ್ಯಾಕ್' ಎಂಬ ಪತ್ರಿಕೆಯಲ್ಲಿ ಈ ದೋಷದ ಬಗೆಯನ್ನು ಬರೆದು ಎಚ್ಚರಿಸಿದ್ದರು. ಆದರೂ ರೋಗ ಹೋಗಿಲ್ಲ. ಇಂಗ್ಲೆಂಡಿನ ಟಾಕ್‌ಟಾಕ್ ಎಂಬ ದೂರವಾಣಿ ಕಂಪನಿಯ ಮೇಲೆ 2015ರ ಅಕ್ಟೋಬರಿನಲ್ಲಿ ಇದೇ ದಾರಿಯಿಂದ ದಾಳಿಯಾಗಿ 1,56,959 ಗ್ರಾಹಕರ ವಿವರಗಳು ಹೋದವು. ಅವರ ಪೈಕಿ 15,656 ಜನರ ಬ್ಯಾಂಕ್ ಖಾತೆಯ ವಿವರವೂ ಹೋಯಿತು. ಮರುವರ್ಷ ಅಲ್ಲಿನ ಮಾಹಿತಿ ಆಯುಕ್ತರ ಕಚೇರಿ ಕಂಪನಿಗೆ 4 ಲಕ್ಷ ಪೌಂಡು ದಂಡ ಹಾಕಿತು. ತನಿಖೆಯಲ್ಲಿ ಹೊರಬಿದ್ದ ಸಂಗತಿ ನಮಗೆಲ್ಲ ಪಾಠವಾಗಿದೆ. ದಾಳಿಯಾದ ಪುಟಗಳು ಆ ಕಂಪನಿ ಬರೆಸಿದವಲ್ಲ. 2009ರಲ್ಲಿ ಕೊಂಡುಕೊಂಡ ಬೇರೊಂದು ಕಂಪನಿಯ ಜೊತೆಗೆ ಬಂದ ಹಳೆಯ ಪುಟಗಳು. ಅವು ಇನ್ನೂ ತೆರೆದಿವೆ ಎಂಬುದೇ ಹೊಸ ಯಜಮಾನರಿಗೆ ಗೊತ್ತಿರಲಿಲ್ಲ. ಗಡಿಗಲ್ಲು ನೋಡದೆ ತೋಟ ಕೊಂಡವನ ಪಾಡು ಇದು. 2023ರಲ್ಲಿಯೂ ಮೂವ್‌ಇಟ್ ಎಂಬ, ಕಡತ ಸಾಗಿಸುವ ಸಾಫ್ಟ್‌ವೇರಿನಲ್ಲಿ ಇದೇ ಬಗೆಯ ತೂತು ಸಿಕ್ಕಿ, ಅದನ್ನು ಬಳಸುತ್ತಿದ್ದ ನೂರಾರು ಸಂಸ್ಥೆಗಳ ದಾಖಲೆಗಳು ಕಳ್ಳರ ಪಾಲಾದವು.

ಸಾಲದ ಮದ್ದುಗಳು

ಮೊದಲು ನಮಗೆ ತೋಚಿದ ಮದ್ದುಗಳು ಮೂರು. ಮೂರೂ ಸಾಲವು.

ಒಂದು, ಸದಸ್ಯರು ಕೊಕ್ಕೆಯಿಲ್ಲದೆ ಹೆಸರು ಬರೆಯಲಿ ಎನ್ನುವುದು. ಪಹಣಿಯಲ್ಲಿ, ಬ್ಯಾಂಕಿನಲ್ಲಿ ಇರುವ ಹೆಸರನ್ನು ನಮ್ಮ ಪ್ರೋಗ್ರಾಮಿನ ಸೌಕರ್ಯಕ್ಕಾಗಿ ಬದಲಿಸಿರೆನ್ನುವುದು ನ್ಯಾಯವಲ್ಲ. ಅಲ್ಲದೆ ಸದಸ್ಯರು ಕೊಕ್ಕೆ ಬಿಟ್ಟರೂ ಕಳ್ಳ ಬಿಡುವುದಿಲ್ಲ.

ಎರಡು, ದೋಷದ ವರದಿ ಯಾರಿಗೂ ಕಾಣದಂತೆ ಮುಚ್ಚಿಡುವುದು. ವರದಿಯನ್ನು ಹೊರಗಿನವರಿಗೆ ತೋರಿಸಬಾರದು ನಿಜ, ಅದರಿಂದ ಪಟ್ಟಿಗಳ ಹೆಸರು ಹೊರಬೀಳುತ್ತದೆ. ಆದರೆ ಅದು ನಮ್ಮ ಕಡತದಲ್ಲಿ ಇರಲೇಬೇಕು. ಹಾವನ್ನು ಹುಲ್ಲಿನಿಂದ ಮುಚ್ಚಿದರೆ ಹಾವು ಹೋಗುವುದಿಲ್ಲ.

ಮೂರು, ಪ್ರತಿ ಕೊಕ್ಕೆಯ ಹಿಂದೆ ಒಂದು ತಡೆಗುರುತು ಸೇರಿಸಿ ಅದರ ಶಕ್ತಿ ಕಳೆಯುವುದು. ಇದು ಬಹುಕಾಲ ನಡೆದುಬಂದ ಪದ್ಧತಿ. ನೂರು ಕಡೆ ಮಾಡಿ ಒಂದು ಕಡೆ ಮರೆತರೆ ಸಾಕು, ಮತ್ತೆ ಬಾಗಿಲು ತೆರೆಯಿತು. ಕೊಕ್ಕೆಯೇ ಇಲ್ಲದೆ ಬರೆಯುವ ಅಂಕಿಗಳ ಜಾಗದಲ್ಲಿ ಇದು ಉಪಯೋಗಕ್ಕೂ ಬಾರದು. ಈ ಪದ್ಧತಿಯವರು ನೆಚ್ಚಿಕೊಂಡಿದ್ದ ಪಿಎಚ್‌ಪಿಯ ಹಳೆಯ ಮೈಎಸ್‌ಕ್ಯೂಎಲ್ ಸಲಕರಣೆಗಳನ್ನು 2015ರಲ್ಲಿ ಬಂದ 7ನೆಯ ಆವೃತ್ತಿಯಿಂದಲೇ ತೆಗೆದುಹಾಕಲಾಗಿದೆ.

ಸರಿಯಾದ ಮದ್ದು

ಸರಿಯಾದ ಮದ್ದಿಗೆ ಪ್ರಿಪೇರ್ಡ್ ಸ್ಟೇಟ್‌ಮೆಂಟ್ ಎಂದು ಹೆಸರು, ಮೊದಲೇ ಸಿದ್ಧಪಡಿಸಿದ ಚೀಟಿ ಎನ್ನಬಹುದು. ಇದರಲ್ಲಿ ಕೆಲಸ ಎರಡು ಹಂತದಲ್ಲಿ ನಡೆಯುತ್ತದೆ. ಮೊದಲು ಗುಮಾಸ್ತ ಖಾಲಿ ಜಾಗವಿರುವ ಚೀಟಿಯನ್ನಷ್ಟೇ ಒಳಗೆ ಕಳುಹಿಸುತ್ತಾನೆ:

ಸದಸ್ಯರ ಪಟ್ಟಿಯಿಂದ ಸಾಲು ತೆಗೆ, ಎಲ್ಲಿ ಹೆಸರು = ?

ಮೇಸ್ತ್ರಿ ಅದನ್ನು ಓದಿ ಮಾಡಬೇಕಾದ ಕೆಲಸವನ್ನು ನಿಶ್ಚಯಿಸಿಬಿಡುತ್ತಾನೆ. ಆಮೇಲೆ ಹೆಸರನ್ನು ಬೇರೆ ಲಕೋಟೆಯಲ್ಲಿ ಕಳುಹಿಸಲಾಗುತ್ತದೆ. ಲಕೋಟೆಯೊಳಗೆ ಏನೇ ಇರಲಿ, ಕೊಕ್ಕೆಯಿರಲಿ, 'ಅಥವಾ' ಇರಲಿ, ಅದು ಹೆಸರು ಮಾತ್ರ, ಆಜ್ಞೆಯಾಗಲಾರದು. ಏಕೆಂದರೆ ಆಜ್ಞೆ ಓದುವ ಕೆಲಸ ಆಗಲೇ ಮುಗಿದಿದೆ. ಡಿ'ಸೋಜರು ಡಿ'ಸೋಜರಾಗಿಯೇ ಒಳಗೆ ಬರುತ್ತಾರೆ. ಕಳ್ಳನ ಸಾಲು ಹಾಗೆಯೇ ಒಂದು ವಿಚಿತ್ರ ಹೆಸರೆನಿಸಿ ಪಟ್ಟಿಯಲ್ಲಿ ಸಿಗದೆ ಹೋಗುತ್ತದೆ. ಒಂದೇ ತಿದ್ದುಪಡಿಯಿಂದ ಸದಸ್ಯರ ದೂರೂ ತೀರಿತು, ತೂತೂ ಮುಚ್ಚಿತು.

ಒಂದು ಎಚ್ಚರಿಕೆ. ಪಟ್ಟಿಯ ಹೆಸರು, ಕಲಮಿನ ಹೆಸರು ಇವನ್ನು ಹೀಗೆ ಲಕೋಟೆಯಲ್ಲಿ ಕಳುಹಿಸಲು ಬರುವುದಿಲ್ಲ. "ತೂಕದಂತೆ ಜೋಡಿಸು, ದಿನಾಂಕದಂತೆ ಜೋಡಿಸು" ಎಂದು ಆರಿಸುವ ಕಡೆಗಳಲ್ಲಿ, ನಾವು ಒಪ್ಪಿದ ನಾಲ್ಕೈದು ಹೆಸರುಗಳ ಪೈಕಿ ಒಂದಾದರೆ ಮಾತ್ರ ಸ್ವೀಕರಿಸುವಂತೆ ಮಾಡಿದ್ದೇವೆ.

ಎರಡನೆಯ ದೋಷ: ಬರಿಗಣ್ಣಿಗೆ ಕಾಣುವ ಪಾಸ್‌ವರ್ಡ್

ಈ ಕೆಲಸದ ನಡುವೆ ಇನ್ನೊಂದು ಸಂಗತಿ ಕಂಡಿತು. ಸದಸ್ಯರ ಪಾಸ್‌ವರ್ಡುಗಳನ್ನು ಬರೆದದ್ದು ಬರೆದಂತೆಯೇ ಇಡಲಾಗಿತ್ತು. 2009ರಲ್ಲಿ ಅಮೆರಿಕದ ರಾಕ್‌ಯು ಎಂಬ ಕಂಪನಿಯಿಂದ ಇದೇ ಬಗೆಯ ಇಂಜೆಕ್ಷನ್ ಮೂಲಕ 3 ಕೋಟಿ 20 ಲಕ್ಷಕ್ಕೂ ಹೆಚ್ಚು ಪಾಸ್‌ವರ್ಡುಗಳು ಹೋದಾಗ ಅವೂ ಹೀಗೆಯೇ ಇದ್ದವು. ಅವುಗಳಲ್ಲಿ ಅತಿ ಹೆಚ್ಚು ಜನ ಇಟ್ಟುಕೊಂಡಿದ್ದುದು 123456. ನಮ್ಮ ಪಟ್ಟಿಯೂ ಅದಕ್ಕಿಂತ ಬಹಳ ಮೇಲಾಗಿರಲಿಲ್ಲ.

ಪಾಸ್‌ವರ್ಡನ್ನು ಇಡಬಾರದು, ಅದರ ಹ್ಯಾಶ್ ಇಡಬೇಕು. ಹುರಿದು ಪುಡಿ ಮಾಡಿದ ಕಾಫಿಯಿಂದ ಮತ್ತೆ ಬೀಜ ಮಾಡಲಾಗದು, ಹಾಗೆಯೇ ಹ್ಯಾಶಿನಿಂದ ಪಾಸ್‌ವರ್ಡನ್ನು ಹಿಂದಕ್ಕೆ ಪಡೆಯಲಾಗದು. ಸದಸ್ಯರು ಬಂದಾಗ ಅವರು ಹೇಳಿದ ಪಾಸ್‌ವರ್ಡನ್ನು ಅದೇ ರೀತಿ ಪುಡಿ ಮಾಡಿ ಹೊಂದುತ್ತದೆಯೇ ಎಂದು ನೋಡಬಹುದಷ್ಟೆ. ನಾವು ಬಳಸಿರುವುದು ಬಿಕ್ರಿಪ್ಟ್ ಎಂಬ ವಿಧಾನ, 1999ರಲ್ಲಿ ನೀಲ್ಸ್ ಪ್ರೊವೋಸ್ ಮತ್ತು ಡೇವಿಡ್ ಮಜಿಯೇರ್ ಅವರು ಪ್ರಕಟಿಸಿದ್ದು. ಇದನ್ನು ಬೇಕೆಂದೇ ನಿಧಾನವಾಗಿ ಮಾಡಿದ್ದಾರೆ. ಸದಸ್ಯರಿಗೆ ಅರೆಕ್ಷಣದ ತಡ ಲೆಕ್ಕಕ್ಕಿಲ್ಲ, ಕೋಟಿ ಬಾರಿ ಊಹಿಸಿ ನೋಡುವ ಕಳ್ಳನಿಗೆ ಅದೇ ದೊಡ್ಡ ಅಡ್ಡಿ. ಪ್ರತಿಯೊಂದಕ್ಕೂ ಬೇರೆ ಬೇರೆ ಸಾಲ್ಟ್ ಬೆರೆಸುವುದರಿಂದ ಇಬ್ಬರು ಒಂದೇ ಪಾಸ್‌ವರ್ಡ್ ಇಟ್ಟರೂ ಹ್ಯಾಶ್ ಬೇರೆಯಾಗಿರುತ್ತದೆ. ಈ ಕಾರಣದಿಂದಲೇ ಹೊಸ ಚೀಟಿಯಲ್ಲಿ ಹೆಸರು ಮಾತ್ರ ಇದೆ. ಹೆಸರಿನಿಂದ ಸಾಲನ್ನು ತೆಗೆದು, ಪಾಸ್‌ವರ್ಡಿನ ತಾಳೆಯನ್ನು ಪ್ರೋಗ್ರಾಂ ಆಮೇಲೆ ಮಾಡುತ್ತದೆ.

ಇಲ್ಲಿಯೂ ಒಮ್ಮೆ ಎಡವಿದೆವು. ನಕಲು ಪ್ರತಿಯಲ್ಲಿ ಹ್ಯಾಶ್ ಹಾಕಿ ನೋಡಿದರೆ ಒಬ್ಬರ ಖಾತೆಯೂ ತೆರೆಯಲಿಲ್ಲ. ಅರ್ಧ ದಿನ ತಲೆ ಕೆಡಿಸಿಕೊಂಡ ಮೇಲೆ ಕಾರಣ ತಿಳಿಯಿತು. ಬಿಕ್ರಿಪ್ಟ್ ಹ್ಯಾಶಿನ ಉದ್ದ 60 ಅಕ್ಷರ. ನಮ್ಮ ಪಟ್ಟಿಯಲ್ಲಿ ಪಾಸ್‌ವರ್ಡಿನ ಕಲಮಿಗೆ ಇಟ್ಟಿದ್ದುದು 50 ಅಕ್ಷರದ ಜಾಗ. ಹಳೆಯ ವ್ಯವಸ್ಥೆಯಲ್ಲಿದ್ದ ಡೇಟಾಬೇಸ್ ಉಳಿದ 10 ಅಕ್ಷರಗಳನ್ನು ಹೇಳದೆ ಕೇಳದೆ ಕತ್ತರಿಸಿಹಾಕಿತ್ತು. ಕಲಮನ್ನು 255 ಅಕ್ಷರಕ್ಕೆ ಹಿಗ್ಗಿಸಿ, ಹೀಗೆ ಕತ್ತರಿಸುವ ಬದಲು ದೂರು ಹೇಳುವಂತೆ ವ್ಯವಸ್ಥೆ ಬದಲಿಸಿ, ಹ್ಯಾಶುಗಳನ್ನು ಮತ್ತೊಮ್ಮೆ ಮಾಡಿದೆವು. ಇಂಥ ಕೆಲಸವನ್ನು ನಕಲಿನಲ್ಲಿ ಮಾಡಿ ನೋಡದೆ ಅಸಲಿಗೆ ಕೈ ಹಾಕಬಾರದೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಬೇಲಿಯ ಹಿಂದೆ ಇನ್ನೊಂದು ಬೇಲಿ

ಪ್ರೋಗ್ರಾಂ ಇದುವರೆಗೆ ಡೇಟಾಬೇಸಿನೊಳಗೆ ಯಜಮಾನನ ಅಧಿಕಾರದಿಂದ ಹೋಗುತ್ತಿತ್ತು. ಪಟ್ಟಿಯನ್ನೇ ಅಳಿಸುವ ಹಕ್ಕು ಅದಕ್ಕಿತ್ತು. ಈಗ ಲೆಡ್ಜರು ಓದುವ ಹಕ್ಕು, ಪಾಸ್‌ವರ್ಡಿನ ಕಲಮು ಬದಲಿಸುವ ಹಕ್ಕು ಇಷ್ಟನ್ನೇ ಕೊಟ್ಟಿದ್ದೇವೆ. ನಾಳೆ ಎಲ್ಲಿಯಾದರೂ ಹೊಸ ತೂತು ಬಿದ್ದರೂ ಹಾನಿ ಅಲ್ಲಿಗೇ ನಿಲ್ಲಲೆಂದು ಈ ಏರ್ಪಾಡು. ಐದು ಬಾರಿ ತಪ್ಪಿದ ಖಾತೆ ಹದಿನೈದು ನಿಮಿಷ ಮುಚ್ಚಿರುತ್ತದೆ.

ಬೋರ್ಡೋ ಮಿಶ್ರಣ ಮಾಡಿದ ಮೇಲೆ ಹೊಳೆಯುವ ಚಾಕುವನ್ನು ಅದ್ದಿ ನೋಡುವ ಅಭ್ಯಾಸ ನಮಗೆಲ್ಲ ಇದೆ. ಚಾಕುವಿನ ಮೇಲೆ ತಾಮ್ರದ ಕೆಂಪು ಕಂಡರೆ ಸುಣ್ಣ ಸಾಲದೆಂದು ತಿಳಿಯುತ್ತೇವೆ. ಹಾಗೆಯೇ ಈ ಲೆಡ್ಜರಿಗೂ ಮೂರು ತಿಂಗಳಿಗೊಮ್ಮೆ ನಕಲು ಪ್ರತಿಯ ಮೇಲೆ ಕೊಕ್ಕೆಯ ಪರೀಕ್ಷೆ ಮಾಡಲು ಗೊತ್ತುಪಡಿಸಿದ್ದೇವೆ. ಪ್ರೋಗ್ರಾಮಿನಲ್ಲಿ ಏನೇ ಬದಲಾದರೂ ಅಂದೇ ಮಾಡಬೇಕು. ಕುತೂಹಲವಿರುವ ಯುವಕರಿಗೆ ಒಂದು ಮಾತು. ಇಂಥ ಪರೀಕ್ಷೆಯನ್ನು ಅನುಮತಿಯಿಲ್ಲದೆ ಬೇರೆಯವರ ಪುಟದ ಮೇಲೆ ಮಾಡುವುದು 2000ದ ಮಾಹಿತಿ ತಂತ್ರಜ್ಞಾನ ಅಧಿನಿಯಮದಂತೆ ಅಪರಾಧ.

ಸದಸ್ಯರಲ್ಲಿ ಅರಿಕೆ

ಈ ಬಾಗಿಲು ಎರಡು ವರ್ಷ ಹೀಗೆಯೇ ಇತ್ತು. ಸದಸ್ಯರ ಶಿಲ್ಕುಗಳನ್ನೂ ಬ್ಯಾಂಕ್ ಖಾತೆಯ ಸಂಖ್ಯೆಗಳನ್ನೂ ಕಾಗದದ ಲೆಡ್ಜರಿನೊಡನೆ ಒಂದೊಂದಾಗಿ ತಾಳೆ ನೋಡಿದ್ದೇವೆ, ವ್ಯತ್ಯಾಸವಿಲ್ಲ. ಆದರೆ ಯಾರೂ ಒಳಗೆ ಇಣುಕಿಲ್ಲವೆಂದು ನಾವು ಪ್ರಮಾಣ ಮಾಡಲಾರೆವು. ಮೂಟೆ ಕದ್ದರೆ ಜಾಗ ಖಾಲಿ ಕಾಣುತ್ತದೆ. ವಿವರ ಕದ್ದರೆ ಅದು ಇದ್ದಲ್ಲಿಯೇ ಇರುತ್ತದೆ. ಆದುದರಿಂದ:

1. ಹಳೆಯ ಪಾಸ್‌ವರ್ಡುಗಳೆಲ್ಲ ರದ್ದಾಗಿವೆ. ಗುರುತಿನ ಚೀಟಿಯೊಡನೆ ಕಚೇರಿಗೆ ಬಂದು ಹೊಸದನ್ನು ನೀವೇ ಒತ್ತಿ ಇಡತಕ್ಕದ್ದು. ಅದು ನಮಗೂ ತಿಳಿಯಬಾರದು.

2. ಹಳೆಯ ಪಾಸ್‌ವರ್ಡನ್ನೇ ಬ್ಯಾಂಕಿಗೋ ಇಮೇಲಿಗೋ ಇಟ್ಟಿದ್ದರೆ ಇಂದೇ ಅಲ್ಲಿಯೂ ಬದಲಿಸಿರಿ. ಇದೇ ಎಲ್ಲಕ್ಕಿಂತ ಮುಖ್ಯ.

3. ಸಂಘದಿಂದ ಯಾರೂ ಫೋನಿನಲ್ಲಿ ಪಾಸ್‌ವರ್ಡ್ ಅಥವಾ ಒಟಿಪಿ ಕೇಳುವುದಿಲ್ಲ. ಕೇಳಿದವರು ಸಂಘದವರಲ್ಲ.

4. ಬ್ಯಾಂಕ್ ಖಾತೆಯಿಂದ ಹಣ ಹೋದದ್ದು ಕಂಡರೆ ತಡಮಾಡದೆ ಬ್ಯಾಂಕಿಗೂ 1930 ಸಂಖ್ಯೆಯ ಸೈಬರ್ ಅಪರಾಧ ಸಹಾಯವಾಣಿಗೂ ತಿಳಿಸಿರಿ.

5. ಲೆಡ್ಜರಿನಲ್ಲಿ ಏನೇ ವಿಚಿತ್ರ ಕಂಡರೂ, ನಿಮ್ಮದೇ ತಪ್ಪಿರಬಹುದೆಂದು ಸುಮ್ಮನಿರದೆ ಕಚೇರಿಗೆ ಹೇಳಿರಿ.

ಕಡೆಯ ಮಾತನ್ನು ನಮಗೂ ಹೇಳಿಕೊಳ್ಳುತ್ತಿದ್ದೇವೆ. ಡಿ'ಸೋಜರ ಮನೆಗೆ ಹೋಗಿ ತಪ್ಪೊಪ್ಪಿಕೊಂಡು, ಅವರ ಫೋನಿನಲ್ಲಿಯೇ ಖಾತೆ ತೆರೆದು ತೋರಿಸಿ ಬಂದೆವು. ಚಾಲಿಯ ಹಣ ಜಮೆಯಾಗಿತ್ತು. ಮೂರು ಬಾರಿ ಬಂದು ಕೇಳಿದ್ದಕ್ಕಾಗಿ ಸಂಘವು ಅವರಿಗೆ ಋಣಿಯಾಗಿದೆ.

ಇತಿ,
ಕಾರ್ಯದರ್ಶಿ